ಹೊಸ ಅಂಗ ಬೇಕೆ? ಮೊದಲು ರಕ್ತ, ಶಾಖ, ನರದ ಲೆಕ್ಕ ನೋಡೋಣ

ಬೆನ್ನಿಗೆ ರೆಕ್ಕೆ, ಕತ್ತಿನ ಪಕ್ಕದಲ್ಲಿ ಕಿವಿರು, ಎದೆಯೊಳಗೆ ಎರಡನೇ ಹೃದಯ, ಬಿಸಿಲನ್ನೇ ಉಣ್ಣುವ ಹಸಿರು ಚರ್ಮ. ಮನುಷ್ಯನಿಗೆ ಇಲ್ಲದ ಅಂಗಗಳನ್ನು ಕಲ್ಪಿಸಿಕೊಳ್ಳುವುದು ಸುಲಭ, ಚಿತ್ರ ಬರೆದರೆ ಅವು ಚೆಂದವಾಗಿಯೂ ಕಾಣುತ್ತವೆ. ಆದರೆ ಅಂಗದ ಮುಕ್ಕಾಲು ಪಾಲು ಇರುವುದು ಚಿತ್ರದಲ್ಲಿ ಕಾಣದ ಕಡೆ. ಅದಕ್ಕೆ ರಕ್ತ ಎಲ್ಲಿಂದ ಬರಬೇಕು, ಬಂದ ರಕ್ತ ಎಲ್ಲಿಗೆ ಹೋಗಬೇಕು, ಅದು ಯಾವ ನರದ ಮಾತು ಕೇಳಬೇಕು, ಹುಟ್ಟುವ ಶಾಖವನ್ನು ಯಾರು ಹೊತ್ತೊಯ್ಯಬೇಕು, ಕೆಟ್ಟರೆ ತೆಗೆಯುವುದು ಹೇಗೆ? ಕಲ್ಪನೆಯ ಅಂಗ ಉಳಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಪ್ರಶ್ನೆಗಳೇ. ಒಳ್ಳೆಯ ಸಂಗತಿಯೆಂದರೆ, ಉತ್ತರಕ್ಕೆ ಬೇಕಾದ ಅಂಕಿಗಳೆಲ್ಲ ಈಗಾಗಲೇ ನಮ್ಮ ಬಳಿ ಇವೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಇಲ್ಲದ ಅಂಗಗಳು ವೈದ್ಯಗ್ರಂಥಗಳಲ್ಲೇ ಶತಮಾನಗಟ್ಟಲೆ ಬದುಕಿದ್ದೂ ಉಂಟು. ಎರಡನೇ ಶತಮಾನದ ವೈದ್ಯ ಗೇಲನ್, ಮನುಷ್ಯನ ಮೆದುಳಿನ ಬುಡದಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು 'ಅದ್ಭುತ ಜಾಲ' ಇದೆಯೆಂದು ಬರೆದ. ಕುರಿ, ಎತ್ತುಗಳಲ್ಲಿ ಅದು ನಿಜಕ್ಕೂ ಇದೆ, ಮನುಷ್ಯನಲ್ಲಿ ಇಲ್ಲ. ಅಂಗರಚನಾ ತಜ್ಞರಾದ ಬೆರೆಂಗಾರಿಯೊ ದ ಕಾರ್ಪಿ 1521ರಲ್ಲಿ, ವೆಸಾಲಿಯಸ್ 1543ರಲ್ಲಿ ಅದನ್ನು ಅಲ್ಲಗಳೆಯುವವರೆಗೆ ಆ ಜಾಲ ಪಾಠವಾಗಿಯೇ ಉಳಿದಿತ್ತು. ಹೃದಯದ ಬಲಗೂಡಿನಿಂದ ಎಡಗೂಡಿಗೆ ರಕ್ತ ದಾಟುವುದನ್ನು ವಿವರಿಸಲು ಗೇಲನ್ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನೂ ಕಲ್ಪಿಸಿದ್ದ. 13ನೇ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಅದನ್ನು ಒಪ್ಪದೆ, ರಕ್ತ ಶ್ವಾಸಕೋಶವನ್ನು ಬಳಸಿಕೊಂಡು ಬರುತ್ತದೆ ಎಂದ. 1628ರಲ್ಲಿ ವಿಲಿಯಂ ಹಾರ್ವೆ ಲೆಕ್ಕವನ್ನೇ ಮುಂದಿಟ್ಟ: ಹೃದಯ ಅರ್ಧ ಗಂಟೆಯಲ್ಲಿ ಹೊರದೂಡುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚು, ಹಾಗಾಗಿ ಅದು ಸುತ್ತಿ ಸುತ್ತಿ ಮರಳಲೇಬೇಕು. ಹೊಸ ಅಂಗಗಳನ್ನು ಪರೀಕ್ಷಿಸಲು ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೂರನೇ ಮೂತ್ರಪಿಂಡ

ದೇಹಕ್ಕೆ ಹೆಚ್ಚುವರಿ ಅಂಗ ಸೇರಿಸುವ ಕೆಲಸ ಆಸ್ಪತ್ರೆಗಳಲ್ಲಿ ನಿತ್ಯವೂ ನಡೆಯುತ್ತಿದೆ. ಕಿಡ್ನಿ ಕಸಿಯಲ್ಲಿ ರೋಗಿಯ ಹಳೆಯ ಎರಡು ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವು ಬೆನ್ನಿನ ಕಡೆ, ತಮ್ಮ ಜಾಗದಲ್ಲೇ ಇರುತ್ತವೆ. ಹೊಸದು ಮೂರನೆಯದಾಗಿ ಬರುತ್ತದೆ, ಅದೂ ಪ್ರಕೃತಿ ಎಂದೂ ಕಿಡ್ನಿ ಇಡದ ಜಾಗಕ್ಕೆ. ಕಲ್ಪನೆಯ ಅಂಗಗಳ ಬಗ್ಗೆ ಯೋಚಿಸುವವರು ಮೊದಲು ಇದನ್ನು ಸರಿಯಾಗಿ ನೋಡಬೇಕು.

ಕೆಳಹೊಟ್ಟೆಯ ಒಂದು ಬದಿಯಲ್ಲಿ, ಹೆಚ್ಚಾಗಿ ಬಲಕ್ಕೆ, ಓರೆಯಾಗಿ ಕೊಯ್ಯುತ್ತಾರೆ. ಕರುಳನ್ನು ಆವರಿಸಿದ ಉದರಪೊರೆಯನ್ನು ತೆರೆಯದೆ ಹಾಗೆಯೇ ಪಕ್ಕಕ್ಕೆ ಸರಿಸಿದರೆ ಸೊಂಟದ ಮೂಳೆಯ ಒಳಬಟ್ಟಲು ಸಿಗುತ್ತದೆ. ಕಾಲಿಗೆ ಹೋಗುವ ದೊಡ್ಡ ಅಪಧಮನಿ ಮತ್ತು ಅಭಿಧಮನಿ ಅಲ್ಲಿ ಕೈಗೆಟುಕುವಂತಿರುತ್ತವೆ, ಮೂತ್ರಕೋಶವೂ ಹತ್ತಿರ. ಸಾಮಾನ್ಯವಾಗಿ ಮೊದಲು ಅಭಿಧಮನಿಯನ್ನು, ಆಮೇಲೆ ಅಪಧಮನಿಯನ್ನು ಕಾಲಿನ ನಾಳಗಳ ಬದಿಗೆ ಹೊಲಿಯುತ್ತಾರೆ. ಕ್ಲ್ಯಾಂಪ್ ಬಿಟ್ಟೊಡನೆ, ಅದುವರೆಗೆ ಬೂದು ಬಣ್ಣದಲ್ಲಿ ತಣ್ಣಗೆ, ಮೆತ್ತಗೆ ಇದ್ದ ಪಿಂಡ ನೋಡನೋಡುತ್ತಲೇ ಗುಲಾಬಿಯಾಗಿ ಬಿಗಿಯಾಗುತ್ತದೆ. ಎಷ್ಟೋ ಸಲ ಮೇಜಿನ ಮೇಲೇ ಮೂತ್ರನಾಳದ ತುದಿಯಲ್ಲಿ ಹನಿ ಮೂಡುತ್ತದೆ. ಕೊನೆಗೆ ಆ ನಾಳವನ್ನು ಮೂತ್ರಕೋಶದ ಗೋಡೆಯಲ್ಲಿ, ಮೂತ್ರ ಹಿಂದಕ್ಕೆ ಹರಿಯದಂತೆ ಸ್ನಾಯುವಿನ ಒಂದು ಪುಟ್ಟ ಸುರಂಗ ಮಾಡಿ ಕೂಡಿಸುತ್ತಾರೆ. ನಾಳ ಮುಚ್ಚಿಕೊಳ್ಳದಂತೆ ಒಳಗಿಟ್ಟ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಕೆಲವು ವಾರಗಳ ನಂತರ ತೆಗೆಯುತ್ತಾರೆ.

ಮೂರೇ ಕೊಳವೆ: ಒಳಗೆ ಬರುವ ರಕ್ತ, ಹೊರಗೆ ಹೋಗುವ ರಕ್ತ, ಹೊರಗೆ ಹೋಗುವ ಮೂತ್ರ. ನರವನ್ನು ಯಾರೂ ಜೋಡಿಸುವುದಿಲ್ಲ. ಆದರೂ ಕಿಡ್ನಿ ಕೆಲಸ ಮಾಡುತ್ತದೆ, ಏಕೆಂದರೆ ಅದು ಸೋಸುವುದು ರಕ್ತದ ಒತ್ತಡದಿಂದ, ಅಪ್ಪಣೆ ಪಡೆಯುವುದು ರಕ್ತದಲ್ಲಿ ಬರುವ ಹಾರ್ಮೋನುಗಳಿಂದ, ಉಪ್ಪಿನ ಪ್ರಮಾಣವನ್ನು ಅಳೆಯುವುದು ತನ್ನದೇ ಜೀವಕೋಶಗಳಿಂದ. ರಾಸಾಯನಿಕ ಕೆಲಸ ಮಾಡುವ ಅಂಗವನ್ನು ಸೇರಿಸುವುದು ಸುಲಭ, ಚಲಿಸುವ ಅಂಗ ಕಷ್ಟ ಎನ್ನುವುದಕ್ಕೆ ಕಾರಣವೇ ಇದು.

ಕೆಡುವುದು ಎಲ್ಲಿ ಎಂಬುದನ್ನೂ ನೋಡಬೇಕು. ಮೂತ್ರನಾಳದ ಕೆಳತುದಿಗೆ ರಕ್ತ ಸಿಗುವುದು ಕಿಡ್ನಿಯ ಕಡೆಯಿಂದ ಇಳಿದುಬರುವ ಸಣ್ಣ ಕವಲುಗಳಿಂದ ಮಾತ್ರ. ನಾಳವನ್ನು ಉದ್ದ ಬಿಟ್ಟರೆ, ಅಥವಾ ಅದರ ಸುತ್ತಲ ಕೊಬ್ಬನ್ನು ಚೊಕ್ಕಟವಾಗಿ ಕೆರೆದು ತೆಗೆದರೆ ತುದಿ ಸತ್ತು ಮೂತ್ರ ಸೋರುತ್ತದೆ. ಅಪಧಮನಿ ಬೇಕಾದುದಕ್ಕಿಂತ ಉದ್ದವಾದರೆ ಹೊಟ್ಟೆ ಮುಚ್ಚುವಾಗ ಮಡಚಿಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಇದೆಲ್ಲ ಸರಿಹೋದರೂ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದೇ ಎಣಿಸುತ್ತದೆ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ನಡೆಸಿದ ಮೊದಲ ಯಶಸ್ವೀ ಕಸಿ ಫಲಿಸಿದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರು ರೋಗನಿರೋಧಕ ವ್ಯವಸ್ಥೆಯನ್ನು ಅಡಗಿಸುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಬಿಡದೆ ನುಂಗಬೇಕು. ಅವು ಸೋಂಕಿಗೆ, ಚರ್ಮದ ಕ್ಯಾನ್ಸರಿಗೆ, ಸಕ್ಕರೆ ಕಾಯಿಲೆಗೆ ದಾರಿ ಮಾಡಬಲ್ಲವು. ಟ್ಯಾಕ್ರೊಲಿಮಸ್ಸಂತೂ ಕಾಪಾಡಬೇಕಾದ ಕಿಡ್ನಿಗೇ ನಿಧಾನವಾಗಿ ಹಾನಿ ಮಾಡುತ್ತದೆ. ಸಾವಿನಂಚಿನಲ್ಲಿರುವವರಿಗೆ ಈ ಬೆಲೆ ನ್ಯಾಯವಾದದ್ದು. ಆರೋಗ್ಯವಂತನೊಬ್ಬ ಹೊಸ ಶಕ್ತಿಗಾಗಿ ಇದನ್ನು ತೆರುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಸ್ವಂತ ಜೀವಕೋಶದಿಂದ ಬೆಳೆಸಿದ ಅಂಗ ಅಥವಾ ಜೀವಕೋಶವೇ ಇಲ್ಲದ ಯಂತ್ರ, ಇವೆರಡೇ ಈ ತೆರಿಗೆಯಿಂದ ಪಾರಾಗುವ ದಾರಿಗಳು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಆರೋಗ್ಯವಂತನಿಗೆ ಮೂರನೇ ಕಿಡ್ನಿ ಸೇರಿಸಿದರೆ ಅವನಿಗೇನು ಲಾಭ? ಏನೂ ಇಲ್ಲ. ಒಂದು ಕಿಡ್ನಿ ದಾನ ಮಾಡಿದವರಲ್ಲಿ ಉಳಿದ ಒಂದೇ ಪಿಂಡ ತನ್ನ ಕೆಲಸ ಹೆಚ್ಚಿಸಿಕೊಂಡು, ಮೊದಲಿದ್ದ ಒಟ್ಟು ಸಾಮರ್ಥ್ಯದ ಸುಮಾರು ಶೇ 70ರಷ್ಟನ್ನು ತಲುಪುತ್ತದೆ. ಅಂದರೆ ಅಲ್ಲಿ ಕೊರತೆಯೇ ಇಲ್ಲ. ದೇಹದ ಓಟ ಎಲ್ಲಿ ತಡೆಯುತ್ತಿದೆಯೋ ಅಲ್ಲಿ ಸೇರಿಸಿದ ಅಂಗ ಮಾತ್ರ ಸಾಮರ್ಥ್ಯ ಹೆಚ್ಚಿಸೀತು.

ಆಕಾರ ಬಂದರೆ ಅಂಗ ಬಂದಂತಲ್ಲ

ಜೀವಕೋಶವೊಂದು ಲೋಮನಾಳದಿಂದ, ಅಂದರೆ ಅತಿ ಸಣ್ಣ ರಕ್ತನಾಳದಿಂದ, 100ರಿಂದ 200 ಮೈಕ್ರೊಮೀಟರ್‌ಗಿಂತ ದೂರ ಇದ್ದರೆ ಆಮ್ಲಜನಕ ಸಿಗದೆ ಸಾಯುತ್ತದೆ. ಕೂದಲೆಳೆಯ ಒಂದೆರಡು ಪಟ್ಟು ದಪ್ಪ, ಅಷ್ಟೇ. ಪ್ರಯೋಗಾಲಯದಲ್ಲಿ ಅಂಗ ಬೆಳೆಸುವವರನ್ನು ದಶಕಗಳಿಂದ ಕಾಡುತ್ತಿರುವುದು ಈ ಅಂತರ.

1990ರ ದಶಕದಲ್ಲಿ ಇಲಿಯ ಬೆನ್ನ ಮೇಲೆ ಮನುಷ್ಯನ ಕಿವಿ ಬೆಳೆದಂತಿದ್ದ ಫೋಟೊ ಜಗತ್ತೆಲ್ಲ ಸುತ್ತಿತು. ಅದು ಕರಗುವ ಪ್ಲಾಸ್ಟಿಕ್ ಅಚ್ಚಿನ ಮೇಲೆ ಹಸುವಿನ ಮೃದ್ವಸ್ಥಿ ಕೋಶಗಳನ್ನು ಬಿತ್ತಿ ಬೆಳೆಸಿದ ಆಕಾರ. ಮೃದ್ವಸ್ಥಿಗೆ ಸ್ವಂತ ರಕ್ತನಾಳವೇ ಬೇಡವಾದ್ದರಿಂದ ಅದು ಸಾಧ್ಯವಾಯಿತು. ಆ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಆಸ್ಟ್ರೇಲಿಯದ ಕಲಾವಿದ ಸ್ಟೆಲಾರ್ಕ್ ತನ್ನ ಮುಂಗೈ ಮೇಲೆ ರಂಧ್ರಯುಕ್ತ ಪಾಲಿಎಥಿಲೀನ್ ಅಚ್ಚಿನ ಕಿವಿಯನ್ನು ಕೂಡಿಸಿಕೊಂಡರು. ಚರ್ಮ, ಸಣ್ಣ ರಕ್ತನಾಳಗಳು ಅಚ್ಚಿನ ರಂಧ್ರಗಳೊಳಗೆ ಬೆಳೆದು ಅದು ಕೈಗೆ ಅಂಟಿಕೊಂಡಿತು. ಒಳಗಿಟ್ಟ ಮೈಕ್ರೊಫೋನ್ ಮಾತ್ರ ಸೋಂಕಿನಿಂದಾಗಿ ಹೊರಬರಬೇಕಾಯಿತು. ಇವೆರಡೂ ಅಂಗಗಳಲ್ಲ, ಆಕಾರಗಳು.

ರಕ್ತದ ವ್ಯವಸ್ಥೆ ಇಲ್ಲದೆ ಆಕಾರವನ್ನೇ ಅಂಗವೆಂದು ನಂಬಿದರೆ ಏನಾಗುತ್ತದೆ ಎಂಬುದು ಸ್ಟಾಕ್‌ಹೋಮ್‌ನಲ್ಲಿ ಕಂಡಿತು. 2011ರಿಂದ ಅಲ್ಲಿ ಮೂವರಿಗೆ, ರೋಗಿಯದೇ ಆಕರಕೋಶ (ಸ್ಟೆಮ್ ಸೆಲ್) ಲೇಪಿಸಿದ ಪ್ಲಾಸ್ಟಿಕ್ ಶ್ವಾಸನಾಳವನ್ನು ಹಾಕಲಾಯಿತು. ಮೂವರೂ ಸತ್ತರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಶಸ್ತ್ರಚಿಕಿತ್ಸಕನಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು. ಶ್ವಾಸನಾಳ ಬರೀ ಕೊಳವೆಯಂತೆ ಕಂಡರೂ ಅದಕ್ಕೆ ಉದ್ದಕ್ಕೂ ಹತ್ತಾರು ಪುಟ್ಟ ಅಪಧಮನಿಗಳು ರಕ್ತ ಉಣಿಸುತ್ತವೆ. ಕಿಡ್ನಿಗಿರುವಂತೆ ಹೊಲಿಯಲು ಒಂದು ದೊಡ್ಡ ನಾಳವಿಲ್ಲ. ಪ್ಲಾಸ್ಟಿಕ್ಕಿಗಂತೂ ಒಂದೂ ಇರಲಿಲ್ಲ.

ಕಿವಿರಿನ ಲೆಕ್ಕ

ನೀರಿನಡಿ ಉಸಿರಾಡಲು ಕಿವಿರು ಬೇಕೆನ್ನುವುದು ಬಹಳ ಹಳೆಯ ಆಸೆ. ಸುಮ್ಮನೆ ಕೂತಿರುವ ವಯಸ್ಕನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್ ಇದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಎಷ್ಟು ಕರಗಿಸಿಕೊಂಡರೂ ಇರುವುದು ಸುಮಾರು 6 ಮಿಲಿಲೀಟರ್, ಸಮುದ್ರದ ನೀರಿನಲ್ಲಿ ಸುಮಾರು 5. ರಕ್ತ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿಯುವ ವ್ಯವಸ್ಥೆಯಿರುವ ಮೀನಿನ ಕಿವಿರು ಅತ್ಯುತ್ತಮ ಸ್ಥಿತಿಯಲ್ಲಿ ಇದರ ಶೇ 80ರಷ್ಟನ್ನು ಹೀರಬಲ್ಲದು. ನಮ್ಮ ಕಿವಿರೂ ಅಷ್ಟೇ ಚೆನ್ನಾಗಿದೆ ಎಂದುಕೊಂಡರೆ, ಸಮುದ್ರದಲ್ಲಿ ಅಲ್ಲಾಡದೆ ಕೂರಲು ನಿಮಿಷಕ್ಕೆ 60 ಲೀಟರ್ ನೀರು ಅದರ ಮೂಲಕ ಹಾಯಬೇಕು. ಈಜಲು ನಿಮಿಷಕ್ಕೆ ಒಂದೂವರೆ ಲೀಟರ್ ಆಮ್ಲಜನಕ ಬೇಕಾದಾಗ ನೀರಿನ ಲೆಕ್ಕ 350 ಲೀಟರ್ ದಾಟುತ್ತದೆ. ವಿಶ್ರಾಂತಿಯಲ್ಲಿ ನಾವು ಉಸಿರಾಡುವ ಗಾಳಿ ನಿಮಿಷಕ್ಕೆ 6 ಲೀಟರ್ ಮಾತ್ರ, ಮತ್ತು ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಇಷ್ಟು ನೀರನ್ನು ಎಳೆಯುವ ಸ್ನಾಯು ಕತ್ತಿನ ಪಕ್ಕದ ಮೂರು ಸೀಳುಗಳ ಹಿಂದೆ ಹಿಡಿಸುವುದಿಲ್ಲ. ಶ್ವಾಸಕೋಶದ ಒಳಮೈ ಸುಮಾರು 70 ಚದರ ಮೀಟರ್ ಇದೆ. ಕಿವಿರಿನ ಮಡಿಕೆಗಳೂ ಆ ಅಳತೆಯವೇ ಆಗಿರಬೇಕು.

ಇಷ್ಟರವರೆಗಿನ ಲೆಕ್ಕ ಎಷ್ಟೋ ಕಡೆ ಬರುತ್ತದೆ. ನಿಜವಾಗಿ ಕೊಲ್ಲುವುದು ಶಾಖದ ಲೆಕ್ಕ. ಆಮ್ಲಜನಕ ದಾಟುವಷ್ಟು ತೆಳುವಾದ ಪೊರೆಯನ್ನು ಶಾಖ ಅದಕ್ಕಿಂತ ಬೇಗ ದಾಟುತ್ತದೆ. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತವನ್ನು ಕಿವಿರಿಗೆ ಕಳುಹಿಸುತ್ತದೆ ಎನ್ನೋಣ. 37 ಡಿಗ್ರಿಯಲ್ಲಿ ಹೋದ ರಕ್ತ ನೀರಿನ 20 ಡಿಗ್ರಿಗೇ ಇಳಿದು ಮರಳುತ್ತದೆ. ಲೀಟರ್ ರಕ್ತ ಒಂದು ಡಿಗ್ರಿ ತಣಿಯಲು ಸುಮಾರು 3.8 ಕಿಲೊಜೂಲ್ ಶಾಖ ಹೋಗಬೇಕು. ಐದು ಲೀಟರ್, ಹದಿನೇಳು ಡಿಗ್ರಿ: ನಿಮಿಷಕ್ಕೆ ಸುಮಾರು 320 ಕಿಲೊಜೂಲ್, ಅಂದರೆ 5,400 ವಾಟ್. ವಿಶ್ರಾಂತಿಯಲ್ಲಿರುವ ದೇಹ ಉತ್ಪಾದಿಸುವ ಶಾಖ 100 ವಾಟ್ ಒಳಗೇ. 70 ಕಿಲೊ ತೂಕದ ದೇಹ ಒಂದು ಡಿಗ್ರಿ ಇಳಿಯಲು ಸುಮಾರು 245 ಕಿಲೊಜೂಲ್ ಸಾಕು. ಹಾಗಾಗಿ ನೀರಿಗಿಳಿದ ಎರಡು ನಿಮಿಷದೊಳಗೆ ದೇಹದ ಉಷ್ಣತೆ 35 ಡಿಗ್ರಿಗೆ, ಶೀತಾಘಾತದ ಗಡಿಗೆ ಬರುತ್ತದೆ. ಆಮ್ಲಜನಕ ಸಾಲದೆ ಸಾಯುವುದಕ್ಕೂ ಮೊದಲು ಚಳಿಯಿಂದ ಸಾವು.

ಇದಕ್ಕೆ ಪರಿಹಾರ ಇದೆ, ಟ್ಯೂನ ಮೀನಿನಲ್ಲಿ. ಅದರ ಕಿವಿರಿನಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಸ್ನಾಯುವಿನಿಂದ ಹೋಗುವ ಬೆಚ್ಚನೆಯ ರಕ್ತದ ನಾಳಗಳೂ ಒಂದರ ಪಕ್ಕ ಒಂದು, ಎದುರುಬದಿರು ಹರಿಯುತ್ತವೆ. ಹೊರಗೆ ಹೋಗಬೇಕಾದ ಶಾಖ ಒಳಬರುವ ರಕ್ತಕ್ಕೆ ದಾಟಿ ಹಿಂದಕ್ಕೇ ಬರುತ್ತದೆ. ಗೇಲನ್ ಮನುಷ್ಯನ ತಲೆಯೊಳಗೆ ಇದೆಯೆಂದ ಅದ್ಭುತ ಜಾಲದ ಬಗೆಯದೇ ರಚನೆ ಇದು. ನಮಗೆ ಕಿವಿರು ಬೇಕಾದರೆ ಈ ಜಾಲವೂ ಬೇಕು, ಮತ್ತು 5,400 ವಾಟ್ ಸೋರಿಕೆಯನ್ನು 100ಕ್ಕೆ ಇಳಿಸಲು ಅದು ಶಾಖದ ಶೇ 98ನ್ನು ಹಿಂದಿರುಗಿಸಬೇಕು. ಅಷ್ಟು ಸಣ್ಣ ನಾಳಗಳ ಜಾಲ, ಅದರಾಚೆ ಕಿವಿರಿನ ಮಡಿಕೆಗಳು, ಎರಡರ ಮೂಲಕವೂ ರಕ್ತ ದೂಡಲು ಒತ್ತಡ ಬೇಕು. ಶ್ವಾಸಕೋಶಕ್ಕೆ ರಕ್ತ ಕಳುಹಿಸುವ ಬಲಹೃದಯ ಏರಿಸುವ ಒತ್ತಡ ಪಾದರಸದ ಸುಮಾರು 25 ಮಿಲಿಮೀಟರ್. ಅದರಿಂದ ಇದು ಆಗುವ ಕೆಲಸವಲ್ಲ.

ಹೆಚ್ಚಿನವರ ಗಮನಕ್ಕೆ ಬಾರದ ತೊಡಕು ಇಂಗಾಲದ ಡೈಆಕ್ಸೈಡ್‌ನದು. ಅದು ನೀರಿನಲ್ಲಿ ಆಮ್ಲಜನಕಕ್ಕಿಂತ ಇಪ್ಪತ್ತೈದು, ಮೂವತ್ತು ಪಟ್ಟು ಸುಲಭವಾಗಿ ಕರಗುತ್ತದೆ. ಅಷ್ಟೊಂದು ನೀರು ಹರಿದಾಗ ರಕ್ತದಲ್ಲಿರುವ ಈ ಅನಿಲ ಬಹುಪಾಲು ತೊಳೆದುಹೋಗುತ್ತದೆ. ನಮ್ಮ ರಕ್ತದಲ್ಲಿ ಅದರ ಒತ್ತಡ 40 ಮಿಲಿಮೀಟರ್ ಆಸುಪಾಸು, ಮೀನಿನಲ್ಲಿ ಕೆಲವೇ ಮಿಲಿಮೀಟರ್. ಅದು ಹಾಗೆ ಕುಸಿದರೆ ನಮ್ಮ ರಕ್ತ ಕ್ಷಾರವಾಗಿ, ಮೆದುಳಿನ ರಕ್ತನಾಳಗಳು ಬಿಗಿದುಕೊಂಡು ತಲೆ ಸುತ್ತಿ ಪ್ರಜ್ಞೆ ತಪ್ಪುತ್ತದೆ. ಇದರ ಮೇಲೆ ಉಪ್ಪು: ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ, ರಕ್ತದಲ್ಲಿ ಸುಮಾರು 9, ಹಾಗಾಗಿ ಕಿವಿರಿನ ತೆಳು ಪೊರೆಯ ಮೂಲಕ ಉಪ್ಪು ಒಳಗೂ ನೀರು ಹೊರಗೂ ಸಾಗುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ಪೂರ್ವಜರು ನೀರಿಗಿಳಿದು 5 ಕೋಟಿ ವರ್ಷ ಆಗುತ್ತ ಬಂತು. ಅವು ಕಿವಿರು ಬೆಳೆಸಿಕೊಳ್ಳಲಿಲ್ಲ, ಉಸಿರು ಹಿಡಿಯುವುದನ್ನು ಕಲಿತವು. ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಹೆಚ್ಚಿಸಿಕೊಂಡವು. ನೀರೊಳಗಿನ ಮನುಷ್ಯನನ್ನು ಕಲ್ಪಿಸಿಕೊಳ್ಳುವವರು ಹೋಗಬೇಕಾದ ದಾರಿ ಅದು.

ಹಸಿರು ಚರ್ಮ, ಎರಡನೇ ಹೃದಯ, ರೆಕ್ಕೆ

ಹಸಿರು ಚರ್ಮದ ಲೆಕ್ಕ ಬೇಗ ಮುಗಿಯುತ್ತದೆ. ಚರ್ಮ ಸುಮಾರು 1.8 ಚದರ ಮೀಟರ್, ಒಂದು ಹೊತ್ತಿಗೆ ಬಿಸಿಲಿಗೆ ಸಿಗುವುದು ಹೆಚ್ಚೆಂದರೆ 0.8. ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ 5 ಕಿಲೊವಾಟ್-ಗಂಟೆ ಶಕ್ತಿ ಬೀಳುತ್ತದೆ. ಒಟ್ಟು 4 ಕಿಲೊವಾಟ್-ಗಂಟೆ, ಅಂದರೆ 3,400 ಕಿಲೊಕ್ಯಾಲರಿ. ಬೆಳೆಗಳ ದ್ಯುತಿಸಂಶ್ಲೇಷಣೆ ಇದರಲ್ಲಿ ಶೇ 1ರಿಂದ 2ನ್ನು ಮಾತ್ರ ಹಿಡಿದಿಡುತ್ತದೆ. ದಿನವಿಡೀ ಬೆತ್ತಲೆ ಬಿಸಿಲಲ್ಲಿ ಮಲಗಿದರೆ ಸಿಗುವುದು 35ರಿಂದ 70 ಕಿಲೊಕ್ಯಾಲರಿ, ಅರ್ಧ ಬಾಳೆಹಣ್ಣಿನಷ್ಟು. ಉಳಿದ ಬಿಸಿಲೆಲ್ಲ ಶಾಖವಾಗಿ, ಬೆವರಾಗಿ ಹೋಗುತ್ತದೆ. ಪಾಚಿಯಿಂದ ಕದ್ದ ಹಸಿರು ಕಣಗಳನ್ನು ತಿಂಗಳುಗಟ್ಟಲೆ ಮೈಯಲ್ಲಿಟ್ಟುಕೊಳ್ಳುವ ಎಲಿಸಿಯಾ ಕ್ಲೋರೊಟಿಕಾ ಎಂಬ ಕಡಲ ಗೊಂಡೆಹುಳು ಇದೆಯಲ್ಲ ಎನ್ನಬಹುದು. ಅದರ ಮೈ ಎಲೆಯಂತೆ ತೆಳು, ಓಡಾಟ ಬಲು ನಿಧಾನ, ದೇಹ ತಣ್ಣಗೆ. ನಾವು ಮೂರೂ ಅಲ್ಲ.

ಎರಡನೇ ಹೃದಯಕ್ಕೆ ಆಕ್ಟೋಪಸ್‌ನ ಉದಾಹರಣೆ ಕೊಡುತ್ತಾರೆ. ಅದರ ಮೂರು ಹೃದಯಗಳಲ್ಲಿ ಎರಡು ಕಿವಿರುಗಳಿಗೆ, ಒಂದು ದೇಹಕ್ಕೆ. ಆದರೆ ನಮ್ಮ ಹೃದಯವೂ ಎರಡು ಪಂಪುಗಳೇ, ಒಂದೇ ಚೀಲದಲ್ಲಿವೆ ಅಷ್ಟೆ. ಹೆಚ್ಚುವರಿ ಹೃದಯದ ಪ್ರಯೋಗವೂ ಆಗಿದೆ: 1974ರಲ್ಲಿ ದಕ್ಷಿಣ ಆಫ್ರಿಕದ ಶಸ್ತ್ರಚಿಕಿತ್ಸಕ ಕ್ರಿಸ್ಟಿಯಾನ್ ಬರ್ನಾರ್ಡ್ ರೋಗಿಯ ಹೃದಯವನ್ನು ತೆಗೆಯದೆ ಪಕ್ಕದಲ್ಲೇ ದಾನಿಯ ಹೃದಯವನ್ನು ಕೂಡಿಸಿದರು. ಎರಡೂ ತಂತಮ್ಮ ಲಯದಲ್ಲಿ ಬಡಿಯುತ್ತವೆ. ತೊಂದರೆ ಏನೆಂದರೆ ಬಲ ಶ್ವಾಸಕೋಶದ ಜಾಗ ಕಿರಿದಾಗುತ್ತದೆ, ಸರಿಯಾಗಿ ಖಾಲಿಯಾಗದ ಹಳೆಯ ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಈಗ ಆ ಕೆಲಸವನ್ನು ಎಡಗೂಡಿಗೆ ಜೋಡಿಸುವ ಸಣ್ಣ ತಿರುಗುಪಂಪು ಮಾಡುತ್ತದೆ. ರಕ್ತ ಬಿಡುವಿಲ್ಲದೆ ಹರಿಯುವುದರಿಂದ ಎಷ್ಟೋ ರೋಗಿಗಳಲ್ಲಿ ನಾಡಿಯೇ ಸಿಗುವುದಿಲ್ಲ. ಹೊಟ್ಟೆಯ ಚರ್ಮ ತೂರಿ ಹೊರಬರುವ ವಿದ್ಯುತ್ ತಂತಿಯ ಸುತ್ತ ಸೋಂಕು, ಪಂಪಿನೊಳಗೆ ಹೆಪ್ಪು, ಹೆಪ್ಪು ತಡೆಯುವ ಔಷಧದಿಂದ ರಕ್ತಸ್ರಾವ, ಪಾರ್ಶ್ವವಾಯು: ಇವು ಮುಖ್ಯ ಅಪಾಯಗಳು.

ಓಟಗಾರನಿಗೆ ಇಂಥ ಪಂಪಿನಿಂದ ಲಾಭವಾದೀತೆ? ಇಲ್ಲಿ ತಡೆ ನಿಜಕ್ಕೂ ಹೃದಯದಲ್ಲಿದೆ, ಹಾಗಾಗಿ ಸ್ವಲ್ಪ ದೂರ ಹೌದು. ಆಮೇಲೆ ಶ್ವಾಸಕೋಶ ಅಡ್ಡ ಬರುತ್ತದೆ. ವಿಶ್ರಾಂತಿಯಲ್ಲಿ ಕೆಂಪುಕಣವೊಂದು ಶ್ವಾಸಕೋಶದ ಲೋಮನಾಳದಲ್ಲಿ ಸುಮಾರು 0.75 ಸೆಕೆಂಡು ಇರುತ್ತದೆ, ಅದಕ್ಕೆ ಆಮ್ಲಜನಕ ತುಂಬಲು ಸುಮಾರು 0.25 ಸೆಕೆಂಡು ಸಾಕು. ರಕ್ತವನ್ನು ಇನ್ನೂ ಜೋರಾಗಿ ಓಡಿಸಿದರೆ ಕಣ ಅರ್ಧ ತುಂಬಿಯೇ ಹೊರಟುಬಿಡುತ್ತದೆ. ಉನ್ನತ ಮಟ್ಟದ ಕೆಲವು ಕ್ರೀಡಾಪಟುಗಳಲ್ಲಿ, ತಮ್ಮದೇ ಬಲಿಷ್ಠ ಹೃದಯದಿಂದಲೇ, ಇದು ಈಗಾಗಲೇ ಆಗುತ್ತಿದೆ.

ರೆಕ್ಕೆಗೆ ಒಂದು ಮಾತು ಸಾಕು. ಇಂದು ಹಾರುವ ಹಕ್ಕಿಗಳಲ್ಲಿ ಅತಿ ಭಾರದವು 20 ಕಿಲೊ ಆಸುಪಾಸು ನಿಲ್ಲುತ್ತವೆ, ಅವುಗಳ ಎದೆಯ ಹಾರಾಟದ ಸ್ನಾಯುವೇ ಹಲವು ಹಕ್ಕಿಗಳಲ್ಲಿ ತೂಕದ ಶೇ 15ರಿಂದ 25. ಅಷ್ಟಕ್ಕೂ ಹಕ್ಕಿಯ ರೆಕ್ಕೆ ಅದರ ಮುಂಗಾಲೇ, ಹೆಚ್ಚುವರಿ ಜೋಡಿಯಲ್ಲ. ಕೈಯನ್ನೂ ಉಳಿಸಿಕೊಂಡು ರೆಕ್ಕೆ ಬೇಕೆಂದರೆ ಇನ್ನೊಂದು ಹೆಗಲ ಮೂಳೆ, ಅದಕ್ಕೆ ಬೆನ್ನುಹುರಿಯಿಂದ ಇನ್ನೊಂದು ನರಗುಚ್ಛ, ಇವೆಲ್ಲ ಭ್ರೂಣದಲ್ಲೇ ಮೊಳೆಯಬೇಕು. ಭ್ರೂಣದ ಯೋಜನೆಯನ್ನು ಅಲುಗಿಸಿದರೆ ಆಗುವುದಕ್ಕೆ ಸಣ್ಣ ಮಾದರಿ ಕೆಲವರ ಕತ್ತಿನಲ್ಲಿದೆ. ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಿಗೆ ಕತ್ತಿನ ಕೊನೆಯ ಕಶೇರುಕದಿಂದ ಒಂದು ಹೆಚ್ಚುವರಿ ಪಕ್ಕೆಲುಬು ಬೆಳೆಯುತ್ತದೆ. ಬಹುಮಂದಿಗೆ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಅದು ತೋಳಿಗೆ ಹೋಗುವ ನರಗಳನ್ನೂ ಅಪಧಮನಿಯನ್ನೂ ಒತ್ತಿ ಕೈ ಜೋಮು ಹಿಡಿಸುತ್ತದೆ, ಶಕ್ತಿ ಕುಂದಿಸುತ್ತದೆ.

ಇಂದ್ರಿಯಗಳ ವಿಷಯ ಬೇರೆ

ಇಲ್ಲಿಯವರೆಗಿನ ಲೆಕ್ಕಗಳೆಲ್ಲ ನಿರಾಶೆಯವು. ಇಂದ್ರಿಯಗಳ ಕಡೆ ಬಂದರೆ ಚಿತ್ರವೇ ಬದಲಾಗುತ್ತದೆ, ಏಕೆಂದರೆ ಇಂದ್ರಿಯ ಸಾಗಿಸುವುದು ಸುದ್ದಿಯನ್ನು. ಸುದ್ದಿಗೆ ರಕ್ತ, ಶಕ್ತಿ ಬಹಳ ಕಡಿಮೆ ಸಾಕು. ಜೊತೆಗೆ ಮೆದುಳು ಹೊಸ ಸುದ್ದಿಯನ್ನು ಅರ್ಥ ಮಾಡಿಕೊಳ್ಳಲು ಅಚ್ಚರಿಯಷ್ಟು ಸಿದ್ಧವಾಗಿದೆ.

1969ರಲ್ಲಿ ಅಮೆರಿಕದ ನರವಿಜ್ಞಾನಿ ಪಾಲ್ ಬಾಕ್-ಇ-ರೀಟಾ ಕುರ್ಚಿಯ ಬೆನ್ನಿಗೆ 20 ಸಾಲು, 20 ಕಂಬಸಾಲುಗಳಲ್ಲಿ 400 ಕಂಪನದ ಮೊಳೆಗಳನ್ನು ಕೂಡಿಸಿ, ಕ್ಯಾಮೆರಾದ ಚಿತ್ರವನ್ನು ಅಂಧರ ಬೆನ್ನಿನ ಮೇಲೆ ಮೂಡಿಸಿದರು. ಕ್ಯಾಮೆರಾವನ್ನು ಅವರೇ ತಿರುಗಿಸುವಂತೆ ಮಾಡಿದ ಮೇಲೆ ವಸ್ತು ಬೆನ್ನಿನಲ್ಲಲ್ಲ, ಎದುರಿನಲ್ಲಿದೆ ಎಂದು ಅವರಿಗೆ ಅನಿಸತೊಡಗಿತು. ಸ್ವತಃ ಚಲಿಸಿ ಪಡೆದ ಸುದ್ದಿ ಮಾತ್ರ ಇಂದ್ರಿಯವಾಗುತ್ತದೆ ಎಂಬುದು ಇದರ ಪಾಠ, ಮತ್ತು ಹೊಸ ಇಂದ್ರಿಯ ರೂಪಿಸುವವರು ಹೆಚ್ಚಾಗಿ ಎಡವುವುದೂ ಇಲ್ಲೇ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು, ಹುಟ್ಟಿನಿಂದ ಕೆಂಪು-ಹಸಿರು ಭೇದ ಕಾಣದ ಅಳಿಲುಕೋತಿಗಳ ಅಕ್ಷಿಪಟಕ್ಕೆ ವೈರಸ್ ಮೂಲಕ ಒಂದು ವರ್ಣದ್ರವ್ಯದ ಜೀನ್ ಸೇರಿಸಿದರು. ಬೆಳೆದ ಆ ಕೋತಿಗಳು ಸುಮಾರು 20 ವಾರಗಳಲ್ಲಿ ಆ ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಿದವು. ಹೊಸ ನರ ಒಂದೂ ಬೇಕಾಗಲಿಲ್ಲ. 2013ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಗೊದಮೊಟ್ಟೆಗಳ ಬಾಲದ ಮೇಲೆ ಕಣ್ಣು ಕಸಿ ಮಾಡಿ, ತಲೆಯ ಕಣ್ಣುಗಳನ್ನು ತೆಗೆದರು. ಬಾಲದ ಕಣ್ಣಿನ ನರ ಮೆದುಳಿಗೆ ಹೋಗದೆ ಬೆನ್ನುಹುರಿಗೆ ತಗುಲಿದ ಕೆಲವು ಮರಿಗಳು ಕೆಂಪು ಬೆಳಕನ್ನು ತಪ್ಪಿಸಿಕೊಳ್ಳಲು ಕಲಿತವು.

ಮನುಷ್ಯರಿಗೆ ಅತಿ ಅಗ್ಗದ, ಅತಿ ನಿರಪಾಯದ ಹೊಸ ಇಂದ್ರಿಯವೆಂದರೆ ಜರ್ಮನಿಯ ಓಸ್ನಾಬ್ರುಕ್ ವಿಶ್ವವಿದ್ಯಾಲಯ 2005ರಲ್ಲಿ ವರದಿ ಮಾಡಿದ ಸೊಂಟಪಟ್ಟಿ. ಸುತ್ತಲೂ ಕಂಪಿಸುವ ಪುಟ್ಟ ಮೋಟಾರುಗಳು, ಒಳಗೊಂದು ದಿಕ್ಸೂಚಿ. ಉತ್ತರಕ್ಕಿರುವ ಮೋಟಾರು ಮಾತ್ರ ಸದಾ ಗುಂಯ್‌ಗುಡುತ್ತಿರುತ್ತದೆ. ವಾರಗಟ್ಟಲೆ ತೊಟ್ಟವರಲ್ಲಿ ಕೆಲವರಿಗೆ ಅದು ಕಂಪನವಾಗಿ ಉಳಿಯದೆ ದಿಕ್ಕಿನ ಅರಿವಾಗಿ ಮಾರ್ಪಟ್ಟಿತು. ಬೇಡವಾದರೆ ಬಿಚ್ಚಿಡಬಹುದು.

ಬೆರಳ ತುದಿಯ ಚರ್ಮದಡಿ ಆಯಸ್ಕಾಂತ ಇಟ್ಟುಕೊಳ್ಳುವವರೂ ಇದ್ದಾರೆ. ಸುಮಾರು 3 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಬಿಲ್ಲೆ. ಪರ್ಯಾಯ ವಿದ್ಯುತ್ತಿನ ಕಾಂತಕ್ಷೇತ್ರದಲ್ಲಿ ಅದು ಸೆಕೆಂಡಿಗೆ 50 ಅಥವಾ 60 ಸಲ ಅಲುಗುತ್ತದೆ. ಬೆರಳ ತುದಿಯ ಸ್ಪರ್ಶಗ್ರಾಹಿಗಳು ಅದನ್ನು ಸ್ಪಷ್ಟವಾಗಿ ಹಿಡಿಯುವುದರಿಂದ ಟ್ರಾನ್ಸ್‌ಫಾರ್ಮರ್, ಮೋಟಾರುಗಳ ಹತ್ತಿರ ಝುಮ್ಮೆನ್ನುತ್ತದೆ. ದೂರ ಎರಡು ಪಟ್ಟಾದರೆ ಇಂಥ ಕ್ಷೇತ್ರ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುವುದರಿಂದ ಕೆಲವು ಸೆಂಟಿಮೀಟರ್ ಆಚೆ ಏನೂ ತಿಳಿಯದು. ಅದನ್ನು ಬೆರಳಿನ ಪಕ್ಕಕ್ಕೆ ಇಡಬೇಕು. ವಸ್ತು ಹಿಡಿಯುವ ಮೆತ್ತೆಯ ನಡುವೆ ಇಟ್ಟರೆ ಪ್ರತಿ ಹಿಡಿತಕ್ಕೂ ಮೂಳೆಗೂ ವಸ್ತುವಿಗೂ ನಡುವೆ ಮಾಂಸ ನಜ್ಜಾಗುತ್ತದೆ. ಇನ್ನೊಂದು ಬಲವಾದ ಆಯಸ್ಕಾಂತ ಹೊರಗಿನಿಂದ ಬಹಳ ಹೊತ್ತು ಅಂಟಿಕೊಂಡರೂ ನಡುವಿನ ಚರ್ಮಕ್ಕೆ ರಕ್ತ ನಿಂತು ಸಾಯುತ್ತದೆ. ಕುದಿಯುವ ಹಬೆಯಲ್ಲಿ ಶುದ್ಧಿ ಮಾಡುವಂತಿಲ್ಲ: ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಕಾಂತಶಕ್ತಿ ಕಳೆದುಕೊಳ್ಳತೊಡಗುತ್ತದೆ, ಆಟೊಕ್ಲೇವ್ ಓಡುವುದು 121 ಡಿಗ್ರಿಯಲ್ಲಿ. ಎಲ್ಲಕ್ಕಿಂತ ಕೆಟ್ಟದ್ದು ಹೊರಲೇಪ ಒಡೆಯುವುದು. ಟೈಟಾನಿಯಂ ನೈಟ್ರೈಡ್ ಅಥವಾ ಪ್ಯಾರಿಲೀನ್ ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳಗಿನ ಲೋಹ ತುಕ್ಕು ಹಿಡಿದು ಚೂರುಚೂರಾಗಿ, ಊದಿಕೊಂಡ ಮಾಂಸದಿಂದ ಒಂದೊಂದೇ ಕಣ ಕೆರೆದು ತೆಗೆಯಬೇಕಾಗುತ್ತದೆ. ಎಂಆರ್‌ಐ ಕೋಣೆಯಂತೂ ಇಂಥವರಿಗೆ ಅಪಾಯದ ಜಾಗ. ದಿನಕ್ಕೊಮ್ಮೆ ಝುಮ್ಮೆನಿಸಿಕೊಳ್ಳಲು ಇಷ್ಟು ತೆರುವುದು ದುಬಾರಿ ಎಂದೇ ನನ್ನ ಎಣಿಕೆ.

ಆರನೇ ಬೆರಳು

ಚಲಿಸುವ ಅಂಗಕ್ಕೆ ಅಪ್ಪಣೆ ಕೊಡುವ ನರ ಬೇಕು. ಹಾನಿಗೊಂಡ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. 60 ಸೆಂಟಿಮೀಟರ್ ದೂರದ ಸ್ನಾಯುವನ್ನು ತಲುಪಲು 600 ದಿನ, ಆದರೆ ನರವಿಲ್ಲದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ನರವನ್ನು ಸ್ವೀಕರಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮಾಂಸದ ಹೊಸ ಕೈ ಸದ್ಯಕ್ಕೆ ಸಾಧ್ಯವಿಲ್ಲ ಎನ್ನಲು ಇದೂ ಒಂದು ಕಾರಣ.

ಯಂತ್ರದ ಬೆರಳು ಈ ತೊಡಕನ್ನು ಬಳಸಿಕೊಂಡು ಹೋಗುತ್ತದೆ. ವಿನ್ಯಾಸಕಿ ಡ್ಯಾನಿ ಕ್ಲೋಡ್ ರೂಪಿಸಿದ 'ಮೂರನೇ ಹೆಬ್ಬೆರಳು' ಕಿರುಬೆರಳಿನ ಪಕ್ಕ ಕೂರುತ್ತದೆ. ಎರಡೂ ಕಾಲ ಹೆಬ್ಬೆರಳ ಕೆಳಗೆ ಒತ್ತಡದ ಸಂವೇದಕಗಳಿರುತ್ತವೆ. ಒಂದನ್ನು ಒತ್ತಿದರೆ ಯಂತ್ರದ ಬೆರಳು ಅಂಗೈಗೆ ಅಡ್ಡಲಾಗಿ ಸರಿಯುತ್ತದೆ, ಇನ್ನೊಂದನ್ನು ಒತ್ತಿದರೆ ಉಳಿದ ಬೆರಳುಗಳ ಕಡೆ ಮೇಲಕ್ಕೆ ಬಾಗುತ್ತದೆ. 2022ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ 3ರಿಂದ 96 ವರ್ಷದ 596 ಜನ ಇದನ್ನು ಪ್ರಯತ್ನಿಸಿದಾಗ ಶೇ 98 ಮಂದಿ ಮೊದಲ ನಿಮಿಷದಲ್ಲೇ ವಸ್ತು ಎತ್ತಿ ಸರಿಸಿದರು. ಅದಕ್ಕೂ ಮೊದಲು, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಜನ ಐದು ದಿನ ಅಭ್ಯಾಸ ಮಾಡಿದ್ದರು. ಅವರ ಮೆದುಳಿನ ಸ್ಕ್ಯಾನ್‌ನಲ್ಲಿ ಒಂದು ಸೂಕ್ಷ್ಮ ಬದಲಾವಣೆ ಕಂಡಿತು: ಒಂದೊಂದು ಬೆರಳಿಗೂ ಇದ್ದ ಪ್ರತ್ಯೇಕ ಗುರುತು ಒಂದಕ್ಕೊಂದು ಹತ್ತಿರವಾಗಿತ್ತು. ವಾರದ ನಂತರ ಮತ್ತೆ ಪರೀಕ್ಷಿಸಿದವರಲ್ಲಿ ಅದು ಇಳಿದಿತ್ತು. ಹೊಸ ಬೆರಳಿನ ಖರ್ಚು ಹಳೆಯ ಬೆರಳುಗಳ ಲೆಕ್ಕದಲ್ಲೂ ಬೀಳುತ್ತದೆ ಎಂಬ ಸೂಚನೆ ಇದು. ಸಂಶೋಧಕರು ಇದನ್ನು ತಾವೇ ಅಳೆದು ಮುಂದಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಇನ್ನೊಂದು ಮಿತಿ ಕಾಲಿನದು. ನಡೆಯುವಾಗ ಕಾಲಬೆರಳು ನೆಲವನ್ನು ಒತ್ತಲೇಬೇಕು, ಆಗ ಕೈಯ ಯಂತ್ರಕ್ಕೆ ಅಪ್ಪಣೆ ಕೊಡುವುದು ಕಷ್ಟ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಹುಟ್ಟಿನಿಂದಲೇ ಆರು ಬೆರಳಿರುವವರನ್ನು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪೂರ್ಣ ಬೆಳೆದ ಬೆರಳಿದ್ದ ಇಬ್ಬರನ್ನು ಪರೀಕ್ಷಿಸಿತು. ಆ ಬೆರಳಿಗೆ ತನ್ನದೇ ಸ್ನಾಯು, ನರ, ಮೆದುಳಿನಲ್ಲಿ ತನ್ನದೇ ಜಾಗ ಇದ್ದವು. ಸಾಮಾನ್ಯವಾಗಿ ಎರಡು ಕೈ ಬೇಕಾಗುವ ಕೆಲಸಗಳನ್ನು ಅವರು ಒಂದೇ ಕೈಯಲ್ಲಿ ಮಾಡುತ್ತಿದ್ದರು. ಭ್ರೂಣದಲ್ಲೇ ಬಂದ ಹೆಚ್ಚುವರಿ ಅಂಗಕ್ಕೆ ರಕ್ತ, ನರ, ಮೆದುಳು ಮೂರೂ ಒಟ್ಟಿಗೇ ಬೆಳೆದು ಜೊತೆಯಾಗುತ್ತವೆ. ಇಂಥ ಬೆರಳನ್ನು ಊನವೆಂದು ಎಳವೆಯಲ್ಲೇ ಕತ್ತರಿಸುವ ಮುನ್ನ ಅದರ ಒಳಗೆ ಮೂಳೆ, ಸ್ನಾಯುರಜ್ಜು ಪೂರ್ಣ ಇವೆಯೇ ಎಂದು ನೋಡುವುದು ಅಗತ್ಯ ಎನ್ನಲು ಈ ಅಧ್ಯಯನ ಸಾಕಷ್ಟು ಕಾರಣ ಕೊಡುತ್ತದೆ.

ಒಳಗಿಡುವ ಯಂತ್ರವಾದರೆ ಕೇಳಲೇಬೇಕಾದ ಪ್ರಶ್ನೆಗಳು ಇನ್ನೂ ಕೆಲವಿವೆ. ಅದರ ಮೇಲ್ಮೈ ದೇಹದ ಉಷ್ಣತೆಗಿಂತ 2 ಡಿಗ್ರಿಗೂ ಹೆಚ್ಚು ಬಿಸಿಯಾಗಕೂಡದು. ಬ್ಯಾಟರಿ ಬದಲಿಸಲು ಎಷ್ಟು ವರ್ಷಕ್ಕೊಮ್ಮೆ ಕೊಯ್ಯಬೇಕು? ಚರ್ಮ ತೂರಿ ತಂತಿ ಹೊರಬರುತ್ತದೆಯೆ? ಎಂಆರ್‌ಐಗೆ ಹೋಗಬಹುದೆ? ತಯಾರಕರು ಬಾಗಿಲು ಮುಚ್ಚಿದರೆ ಬಿಡಿಭಾಗ, ಸಾಫ್ಟ್‌ವೇರ್ ಯಾರ ಕೈಯಲ್ಲಿರುತ್ತದೆ? ಕೊನೆಯ ಪ್ರಶ್ನೆ ಊಹೆಯದಲ್ಲ. ಅಂಧರ ಅಕ್ಷಿಪಟದ ಮೇಲೆ 60 ವಿದ್ಯುದ್ವಾರಗಳನ್ನು ಕೂಡಿಸಿ ಬೆಳಕಿನ ಚುಕ್ಕಿಗಳನ್ನು ಮೂಡಿಸುತ್ತಿದ್ದ ಒಂದು ಸಾಧನವನ್ನು ಜಗತ್ತಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕಣ್ಣೊಳಗೆ ಹಾಕಿಸಿಕೊಂಡಿದ್ದರು. 2020ರ ಹೊತ್ತಿಗೆ ತಯಾರಕರು ಅದನ್ನು ಕೈಬಿಟ್ಟರು. ಹೊರಗಿನ ಕನ್ನಡಕ, ಸಂಸ್ಕಾರಕ ಕೆಟ್ಟರೆ ಬದಲಿ ಸಿಗದಾಯಿತು. ಒಳಗಿನ ಭಾಗವನ್ನು ತೆಗೆಸಬೇಕೆಂದರೆ ಇನ್ನೊಂದು ಶಸ್ತ್ರಚಿಕಿತ್ಸೆಯ ಅಪಾಯ. ಹಾಗಾಗಿ ಹಲವರ ಕಣ್ಣಲ್ಲಿ ಅದು ಹಾಗೇ ಉಳಿದಿದೆ. ಸಾಧನವನ್ನು ಒಳಗಿಡುವ ಮೊದಲೇ ಅದರ ನಕ್ಷೆ, ತಂತ್ರಾಂಶ, ಬಿಡಿಭಾಗಗಳನ್ನು ಮೂರನೆಯವರ ವಶದಲ್ಲಿ ಇಡಿಸುವ ಒಪ್ಪಂದ ಕಡ್ಡಾಯವಾಗಬೇಕು, ತೆಗೆಯುವ ಶಸ್ತ್ರಚಿಕಿತ್ಸೆಯ ವೆಚ್ಚವೂ ಅದರಲ್ಲೇ ಸೇರಿರಬೇಕು.